ಬಿಸಿಯೂಟದ ಸಾಲಿನಲ್ಲಿ ಕಲಿಯುವ ಮರ್ಯಾದೆ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಬೆತ್ತ ಹೋದ ಮೇಲೆ ಮಕ್ಕಳಿಗೆ ಹಿರಿಯರೆಂಬ ಭಯಭಕ್ತಿಯೇ ಉಳಿದಿಲ್ಲ, ವಾರಕ್ಕೊಂದು ನೀತಿಪಾಠದ ಅವಧಿಯನ್ನಾದರೂ ಕಡ್ಡಾಯ ಮಾಡಬೇಕು ಎಂಬ ಮಾತು ಮಂಡ್ಯ, ಮೈಸೂರು ಕಡೆಯ ಪೋಷಕರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾಗಿರುವ ನನಗೆ ಈ ಎರಡೂ ಮಾತು ಒಪ್ಪಿಗೆಯಾಗುವುದಿಲ್ಲ. ಆರೇಳು ವರ್ಷದ ಮಗು ಮರ್ಯಾದೆಯನ್ನು ಕಲಿಯುವುದು ಶಾಲೆಯ ದೊಡ್ಡವರು ತಮಗಿಂತ ಚಿಕ್ಕವರೊಡನೆ, ತಮ್ಮ ಕೈಕೆಳಗೆ ದುಡಿಯುವವರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ದಿನವೂ ನೋಡುತ್ತಾ ನೋಡುತ್ತಾ.

ಬೆತ್ತದ ಚರ್ಚೆಯನ್ನು ಬೆಳೆಸುವ ಅಗತ್ಯವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಮಾನಸಿಕ ಹಿಂಸೆ ಎಂಬ ಎರಡನೆಯ ಮಾತನ್ನು ನಾವು ಶಿಕ್ಷಕರು ಮನಸ್ಸಿಗೆ ತೆಗೆದುಕೊಂಡದ್ದು ಕಡಿಮೆಯೇ. 2023ರಿಂದ ರಾಜ್ಯದ ಶಾಲೆಗಳಲ್ಲಿ ಪ್ರಾರ್ಥನೆಯ ವೇಳೆ ಸಂವಿಧಾನದ ಪೀಠಿಕೆಯನ್ನು ಓದಿಸಲಾಗುತ್ತಿದೆ. ‘ವ್ಯಕ್ತಿ ಗೌರವ’ ಎಂದು ಮಕ್ಕಳು ಗಟ್ಟಿಯಾಗಿ ಹೇಳಿ ಒಳಗೆ ಬಂದ ಸ್ವಲ್ಪ ಹೊತ್ತಿನಲ್ಲೇ, ತಡವಾಗಿ ಬಂದ ಹುಡುಗನೊಬ್ಬನನ್ನು ಬಾಗಿಲಲ್ಲಿ ನಿಲ್ಲಿಸಿ, ‘ನಿಮ್ಮಪ್ಪನ ಹಾಗೇ ಆಗ್ತೀಯ ನೀನೂ’ ಎಂದು ಎಲ್ಲರೆದುರು ಹಂಗಿಸಿದರೆ ಆ ತರಗತಿ ಅಂದು ಕಲಿತದ್ದು ಪೀಠಿಕೆಯನ್ನಂತೂ ಅಲ್ಲ.

ನನ್ನ ಅನುಭವದಲ್ಲಿ ವಿನಯ ಕಲಿಸುವುದಕ್ಕೆ ಮಧ್ಯಾಹ್ನದ ಊಟದಂಥ ಹೊತ್ತು ಮತ್ತೊಂದಿಲ್ಲ. ಕೈತೊಳೆಯುವ ನಲ್ಲಿಯ ಮುಂದೆ ಸರದಿ ಕಾಯಬೇಕು, ಚಿಕ್ಕವರನ್ನು ಮುಂದೆ ಬಿಡಬೇಕು, ಎಲ್ಲರಿಗೂ ಬಡಿಸಿ ಆಗುವವರೆಗೆ ಅನ್ನಕ್ಕೆ ಕೈಹಾಕದೆ ಕೂರಬೇಕು, ಬೇಕಾದಷ್ಟೇ ಹಾಕಿಸಿಕೊಳ್ಳಬೇಕು. ಇವುಗಳಲ್ಲಿ ಒಂದನ್ನೂ ಕಪ್ಪು ಹಲಗೆಯ ಮೇಲೆ ಬರೆದು ಕಲಿಸಲಾಗದು. ಮೊಟ್ಟೆ ಕೊಡುವ ದಿನಗಳಲ್ಲಿ, ತಿನ್ನದವರಿಗೆ ಬಾಳೆಹಣ್ಣು ಇರುತ್ತದಲ್ಲ, ಆಗ ಒಂದೇ ಸಾಲಿನಲ್ಲಿ ಕೂತ ಇಬ್ಬರಲ್ಲಿ ಒಬ್ಬ ಮೂಗು ಮುಚ್ಚಿಕೊಂಡು ‘ಥೂ’ ಎನ್ನುವುದೂ ಮತ್ತೊಬ್ಬ ಬೇಕೆಂದೇ ಮೊಟ್ಟೆಯನ್ನು ಅವನ ಮುಖಕ್ಕೆ ಹಿಡಿಯುವುದೂ ಉಂಟು. ಇಬ್ಬರನ್ನೂ ದೂರ ದೂರ ಕೂರಿಸುವುದು ಸುಲಭ. ಅನೇಕರು ಮಾಡುವುದೂ ಅದನ್ನೇ. ಪಕ್ಕದವನ ತಟ್ಟೆಯ ಕುರಿತು ಮಾತಾಡಬಾರದು ಎಂದು ತಾಳ್ಮೆಯಿಂದ ಹೇಳಿ, ಅದೇ ಜಾಗದಲ್ಲಿ ಅವರನ್ನು ಮರುದಿನವೂ ಒಟ್ಟಿಗೆ ಕೂರಿಸುವುದು ಕಷ್ಟ. ಅಷ್ಟು ಮಾಡಿದರೆ, ಮುಂದೆ ಊರಿನ ಯಾವ ಪಂಕ್ತಿಯಲ್ಲಿ ಕೂತರೂ ನೆನಪಿರುವಂಥದ್ದನ್ನು ಆ ಮಕ್ಕಳಿಗೆ ಕಲಿಸಿದಂತಾಗುತ್ತದೆ.

ಒಂದನೇ ತರಗತಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಕ್ಷೀರಭಾಗ್ಯದ ಹಾಲಿನ ಲೋಟವನ್ನು ಕೈಜಾರಿ ಕೆಡವಿ, ತನ್ನ ಲಂಗವನ್ನೆಲ್ಲ ನೆನೆಸಿಕೊಂಡು, ಬೈಗುಳಕ್ಕೆ ಕಾಯುತ್ತಾ ನಿಂತಿದ್ದಳು. ಸುತ್ತಲಿನವರು ನಗತೊಡಗಿದ್ದರು. ಅಡುಗೆಯಾಕೆ ಏನೂ ಅನ್ನದೆ ಒಲೆಯ ಬಳಿಯಿಂದ ಬಟ್ಟೆ ತಂದು ನೆಲ ಒರೆಸಿ, ಪಾತ್ರೆಯ ತಳದಲ್ಲಿದ್ದ ಹಾಲನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ, ‘ಎರಡು ಕೈಯಲ್ಲಿ ಹಿಡ್ಕೊ ಕಂದ’ ಎಂದು ಕೊಟ್ಟರು. ನಗು ತಾನಾಗಿಯೇ ನಿಂತಿತು. ಅದಾದ ಮೇಲೆ ಯಾರಾದರೂ ಹಾಲು ಚೆಲ್ಲಿದರೆ ಮಕ್ಕಳೇ ಬಟ್ಟೆ ತರಲು ಓಡುತ್ತಿದ್ದರು. ಹಾಗೆಂದು ನಾವು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಅಂಥ ಅಡುಗೆಯವರನ್ನು ನಾವು ಹೇಗೆ ಕರೆಯುತ್ತೇವೆ? ಅತ್ಯಲ್ಪ ಗೌರವಧನಕ್ಕೆ ದುಡಿಯುವ ಈ ಹೆಣ್ಣುಮಕ್ಕಳು ಹೆಚ್ಚಾಗಿ ಅದೇ ಊರಿನವರು, ಕೆಲವೊಮ್ಮೆ ಅದೇ ತರಗತಿಯ ಮಗುವಿನ ತಾಯಿ ಅಥವಾ ಅಜ್ಜಿ. ಮೇಷ್ಟ್ರು ಅವರನ್ನು ‘ಏಯ್, ಸಾಂಬಾರ್ ತಗೊಂಬಾ’ ಎಂದು ಕೂಗಿದರೆ ಮರುದಿನ ಎರಡನೇ ತರಗತಿಯ ಪೋರನೂ ಹಾಗೆಯೇ ಕೂಗುತ್ತಾನೆ. ಅದೇ ಪೋರ ಮೇಷ್ಟ್ರನ್ನು ಕಂಡೊಡನೆ ಎದ್ದು ನಿಂತು ‘ನಮಸ್ತೆ ಸಾರ್’ ಎಂದು ರಾಗ ಎಳೆಯುತ್ತಾನೆ. ಮೇಲಿನವರಿಗೆ ಬಾಗಿ ಕೆಳಗಿನವರನ್ನು ಗದರುವ ಈ ಬುದ್ಧಿಯನ್ನು ಶಿಸ್ತು ಎಂದು ನಾವು ಮೆಚ್ಚಿಕೊಳ್ಳುತ್ತೇವೆ. ನಗರದ ಒಂದು ಖಾಸಗಿ ಶಾಲೆಯ ವಾರ್ಷಿಕೋತ್ಸವದಲ್ಲಿ, ಅತಿಥಿಗಳಿಗೆ ಸಾಲಾಗಿ ಕೈಮುಗಿದ ಮಕ್ಕಳು ಕುರ್ಚಿ ಹೊರುತ್ತಿದ್ದ ಆಯಾ ದಾರಿ ಕೇಳಿದಾಗ ಅಲುಗದೆ ನಿಂತಿದ್ದನ್ನು ನೋಡಿದ್ದೇನೆ. ಆ ಮಕ್ಕಳದ್ದು ತಪ್ಪೆನ್ನಲು ಮನಸ್ಸು ಬರಲಿಲ್ಲ.

ಇನ್ನೊಂದು ಕಡೆ, ಅವಿನಯವಲ್ಲದ್ದನ್ನು ಅವಿನಯವೆಂದು ತಿಳಿಯುವುದೂ ಇದೆ. ನಮ್ಮ ಹಳ್ಳಿಗಳ ಮಗು ಮೊದಲ ತಿಂಗಳಲ್ಲಿ ‘ಮಿಸ್, ನೀ ನೆನ್ನೆ ಯಾಕ್ ಬರ್ನಿಲ್ಲ?’ ಎಂದು ಕೇಳಿದರೆ ಅದು ತನ್ನ ಅವ್ವನೊಡನೆ ಆಡುವ ಸಲಿಗೆಯಲ್ಲಿಯೇ ಕೇಳುತ್ತದೆ. ಆಗ ಗದರಿದರೆ ಮಗು ಮಾತನ್ನೇ ನಿಲ್ಲಿಸುತ್ತದೆ. ‘ನೆನ್ನೆ ಹುಷಾರಿರಲಿಲ್ಲ ಕಂದ, ನೀವೆಲ್ಲ ಏನು ಮಾಡಿದ್ರಿ?’ ಎಂದು ಉತ್ತರಿಸುತ್ತಾ ಹೋದರೆ ದಸರಾ ರಜೆ ಮುಗಿಯುವ ಹೊತ್ತಿಗೆ ಬಹುಪಾಲು ಮಕ್ಕಳ ಬಾಯಲ್ಲಿ ಬಹುವಚನ ತಾನಾಗಿ ಬಂದಿರುತ್ತದೆ.

ಇದಕ್ಕೆಲ್ಲ ದಾರಿಯನ್ನು ಹೊರಗೆಲ್ಲೋ ಹುಡುಕಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಶಿಕ್ಷಕರು ಮಕ್ಕಳೊಡನೆ ನೆಲದ ಮೇಲೆಯೇ ಕೂರುತ್ತಾರೆ, ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಗುಂಪಿನಲ್ಲಿ ಕಲಿಯುತ್ತಾರೆ, ತಿಳಿದವರು ತಿಳಿಯದವರಿಗೆ ಹೇಳಿಕೊಡುತ್ತಾರೆ. ಹಂಚಿಕೊಳ್ಳುವುದು, ಕಾಯುವುದು, ನಿಧಾನವಾಗಿ ಓದುವವನನ್ನು ನಗದೆ ಕೇಳುವುದು ಆ ಪದ್ಧತಿಯ ಒಳಗೇ ಇವೆ. ದಾಖಲೆ ತುಂಬುವ ಕೆಲಸ ಹೆಚ್ಚಿ, ಎಷ್ಟೋ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಎಲ್ಲ ತರಗತಿಗಳನ್ನೂ ನೋಡಿಕೊಳ್ಳಬೇಕಾಗಿ ಬಂದಿರುವುದರಿಂದ ಗುಂಪಿನೊಡನೆ ಕೂರುವ ಈ ಹೊತ್ತೇ ಮೊದಲು ಕೈತಪ್ಪುತ್ತಿದೆ. ಹೊಸ ನೀತಿಪಾಠದ ಪುಸ್ತಕ ಬಂದರೆ ಅದಕ್ಕೊಂದು ಹೊಸ ವಹಿಯೂ ಬರುತ್ತದೆ, ಅಷ್ಟೆ.

ಆದ್ದರಿಂದ ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿಯೂ ಶಾಲಾಭಿವೃದ್ಧಿ ಸಮಿತಿಗಳಲ್ಲಿಯೂ ನನ್ನ ವಿನಂತಿ ಇಷ್ಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದನೇ ತರಗತಿಗೆ ಮೂರು ತಿಂಗಳ ಆಟಾಧಾರಿತ ಶಾಲಾ ಸಿದ್ಧತೆಯನ್ನು ಸೂಚಿಸಿತ್ತು. ನೀತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ವರ್ಷದ ಮೊದಲ ವಾರಗಳನ್ನು ಅಕ್ಷರದ ಅವಸರವಿಲ್ಲದೆ ಇಂಥ ಅಭ್ಯಾಸಗಳಿಗೆ ಬಿಟ್ಟುಕೊಡುವುದು ಒಳ್ಳೆಯದು. ಬಿಸಿಯೂಟದ ವೇಳೆ ಶಿಕ್ಷಕರು ಸಿಬ್ಬಂದಿ ಕೊಠಡಿಗೆ ಹೋಗದೆ ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣಲಿ. ಅಡುಗೆಯವರನ್ನು ಮಕ್ಕಳೂ ಶಿಕ್ಷಕರೂ ‘ಅಕ್ಕ’, ‘ಅಮ್ಮ’ ಎಂದೇ ಕರೆಯುವ ರೂಢಿಯನ್ನು ಮುಖ್ಯ ಶಿಕ್ಷಕರು ತಾವೇ ಮೊದಲು ಆರಂಭಿಸಲಿ, ಮತ್ತು ಪೋಷಕರ ಸಭೆಯಲ್ಲಿ ಆ ತಾಯಂದಿರಿಗೂ ಒಂದು ಕುರ್ಚಿ ಹಾಕಿಸಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ಮಂಡ್ಯ