ಸೊಟ್ಟಗೆ ಕೂತ ‘ಎಸ್’

ಪುಟ್ಟಿ,

ನೀನು ಕಳಿಸಿದ ಹನ್ನೊಂದು ಫೋಟೋಗಳನ್ನು ನಿನ್ನೆ ರಾತ್ರಿ ಕೂತು ನೋಡಿದೆ. ನಿಮ್ಮಮ್ಮ ಊಟಕ್ಕೆ ಮೂರು ಸಲ ಕರೆದಳಂತೆ, ನನಗೆ ಕೇಳಿಸಿದ್ದು ಒಂದೇ. ಸಾರು ಆರಿಹೋಯಿತು. ಆ ಬೈಗುಳ ನಿನ್ನ ಲೆಕ್ಕಕ್ಕೆ ಬರೆದುಕೋ.

ಹರಾಜು ಮನೆಗೆ ಸೇರಿ ಎರಡು ತಿಂಗಳೂ ಆಗಿಲ್ಲ, ಆಗಲೇ ಸ್ಮಿತ್ ಅಂಡ್ ವೆಸನ್ ಕಂಪನಿಯ ವಿಕ್ಟರಿ ಮಾಡೆಲ್ ರಿವಾಲ್ವರ್ ನಿನ್ನ ಮೇಜಿಗೆ ಬಂದಿದೆ. ನೀನು ಬರೆದ ವಿವರಣೆ ಓದಿದೆ. ‘ಮರುಲೇಪನವಾಗಿದೆ, ಮೂಲ ಸ್ಥಿತಿಯಲ್ಲಿಲ್ಲ.’ ಸುಳ್ಳೇನಲ್ಲ. ಆದರೆ ‘ರೋಗಿ ಬಂದ, ಹೋದ’ ಅಂತ ಡಾಕ್ಟರು ಚೀಟಿ ಬರೆದ ಹಾಗಾಯಿತು. ಯಾರು ಲೇಪಿಸಿದರು, ಯಾವಾಗ, ಅದಕ್ಕೂ ಮುಂಚೆ ಏನಾಗಿತ್ತು ಅನ್ನುವುದೆಲ್ಲ ನಿನ್ನ ಫೋಟೋದಲ್ಲೇ ಇದೆ.

ಮೊದಲು ಆ ಹೊಳಪು. 1942ರಿಂದ 1945ರವರೆಗೆ, ಅಮೆರಿಕದಲ್ಲಿ ಆ ಕಂಪನಿಯ ಕಾರ್ಖಾನೆ ಇದ್ದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ರಿವಾಲ್ವರ್ ಮಾಡುವಾಗ ಪಾಲಿಶ್ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಮರಳು ಹೊಡೆದು, ಮಂಕು ಕಪ್ಪು ಬಣ್ಣ ಕೊಟ್ಟು ಯುದ್ಧಕ್ಕೆ ಕಳಿಸುತ್ತಿದ್ದರು. ನಂಬರಿನ ಮುಂದಿನ ‘ವಿ’ ಅಂದರೆ ವಿಕ್ಟರಿ. ನಿನ್ನದು ಜಂಬುನೇರಳೆ ಹಣ್ಣಿನ ಹಾಗೆ ಮಿರಿಮಿರಿ ಮಿಂಚುತ್ತಿದೆ. ಹಾಗಾಗಿ ಆ ಬಣ್ಣ ಯುದ್ಧಕಾಲದ್ದಲ್ಲ. ಇಷ್ಟು ನಿನಗೂ ಹೊಳೆದಿದೆ.

ಈಗ ಹಿಡಿಯ ತಳ ನೋಡು, ಏಳನೇ ಫೋಟೋ. ‘ವಿ’ ಮುಂದೆ ಒಂದು ‘ಎಸ್’ ಇದೆಯಲ್ಲ, ಅದು ಉಳಿದ ಅಕ್ಷರಗಳ ಸಾಲಿನಲ್ಲಿ ಕೂತಿಲ್ಲ. ಸ್ವಲ್ಪ ವಾಲಿದೆ, ಜಾಗ ಸಾಲದೆ ಹಗ್ಗ ಸಿಕ್ಕಿಸುವ ಬಳೆಯ ಪಕ್ಕಕ್ಕೆ ತುರುಕಿದ ಹಾಗಿದೆ. ಇದನ್ನು ನೀನು ‘ಅಸಮ ಮುದ್ರೆ’ ಅಂತ ದೋಷದ ಪಟ್ಟಿಗೆ ಸೇರಿಸಿದ್ದೀಯ. ಪುಟ್ಟಿ, ಇಡೀ ರಿವಾಲ್ವರಿನಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ ಅಕ್ಷರ. 1944ರ ಕೊನೆಯಲ್ಲಿ ಅಮೆರಿಕದ ಯುದ್ಧನೌಕೆಯೊಂದರ ಉಕ್ಕಿನ ಡೆಕ್ ಮೇಲೆ ಇಂಥದೇ ರಿವಾಲ್ವರ್ ಬಿದ್ದು, ಯಾರೂ ಟ್ರಿಗರ್ ಮುಟ್ಟದೆ ಗುಂಡು ಹಾರಿ, ಒಬ್ಬ ನಾವಿಕ ಸತ್ತ. ಗುಂಡಿನ ತಳಕ್ಕೆ ಹೊಡೆಯುವ ಹ್ಯಾಮರನ್ನು ತಡೆಯಬೇಕಾದ ಒಳಗಿನ ಭಾಗ ತನ್ನ ಕೆಲಸ ಮಾಡಿರಲಿಲ್ಲ. ಕಾರ್ಖಾನೆಯವರು ಬೇಗನೆ ಹೊಸ ತಡೆ ಮಾಡಿದರು. ಅದನ್ನು ಹಾಕಿ ಹೊರಬಂದ ಹೊಸ ರಿವಾಲ್ವರುಗಳಿಗೆ ‘ಎಸ್‌ವಿ’ ಅಂತ ನಂಬರು. ಮೊದಲೇ ಹೊರಗೆ ಹೋಗಿದ್ದವುಗಳಲ್ಲಿ ಹಲವನ್ನು ವಾಪಸು ತರಿಸಿ, ಹೊಸ ತಡೆ ಕೂರಿಸಿ, ಹಳೆಯ ‘ವಿ’ಗೆ ಒಂದು ‘ಎಸ್’ ಕುಟ್ಟಿದರು. ಒಂದೇ ಸಲಕ್ಕೆ ಒತ್ತಿದ ‘ಎಸ್‌ವಿ’ ನೇರವಾಗಿ ಕೂರುತ್ತದೆ. ಆಮೇಲೆ ಸೇರಿಸಿದ್ದು ನಿನ್ನದರ ಹಾಗೆ ಸೊಟ್ಟಗೆ ಕೂರುತ್ತದೆ. ಅಂದರೆ ಅದು ರಿಪೇರಿಯ ಸಾಕ್ಷಿ. ದೋಷದ ಪಟ್ಟಿಯಿಂದ ತೆಗೆ.

ನಂಬರಿನ ಆ ಕಡೆ ಇರುವ ಚಿಕ್ಕ ನಕ್ಷತ್ರಕ್ಕೆ ನೀನು ‘ಅಲಂಕಾರ?’ ಅಂತ ಪ್ರಶ್ನೆ ಹಾಕಿದ್ದೀಯ. ಪ್ರಶ್ನೆ ಹಾಕಿದ್ದು ಒಳ್ಳೆಯದಾಯಿತು. ರಿವಾಲ್ವರ್ ಕಾರ್ಖಾನೆಗೆ ವಾಪಸು ಹೋಗಿ ಕೆಲಸ ಮಾಡಿಸಿಕೊಂಡು ಬಂದಿದೆ ಅಂತ ಆ ನಕ್ಷತ್ರದ ಅರ್ಥ. ಏನು ಕೆಲಸ ಅಂತ ತಿಳಿಯಬೇಕಾದರೆ ಹಿಡಿಯ ಮರ ಬಿಚ್ಚಬೇಕು. ನೀನು ಬಿಚ್ಚಿ ಫೋಟೋ ತೆಗೆದಿದ್ದೀಯ, ಶಭಾಷ್. ಎಡಗಡೆ ಲೋಹದ ಮೇಲೆ ‘ಆರ್-ಎಸ್’ ಇದೆ, ಜೊತೆಗೆ ತಿಂಗಳು ಮತ್ತು 51 ಅನ್ನುವ ಅಂಕಿ. ‘ಆರ್’ ಅಂದರೆ ಮರುಲೇಪನ, ‘ಎಸ್’ ಅಂದರೆ ಸ್ಟ್ಯಾಂಡರ್ಡ್, ಅಂದರೆ ಮಾಮೂಲಿ ನೀಲಿ. (ತಳದ ‘ಎಸ್’ ಬೇರೆ, ಇದು ಬೇರೆ. ಗೊಂದಲ ಮಾಡಿಕೊಳ್ಳಬೇಡ.) ನಿಕ್ಕಲ್ ಹಾಕಿದ್ದರೆ ‘ಆರ್-ಎನ್’ ಇರುತ್ತಿತ್ತು. ಯುದ್ಧ ಮುಗಿದು ಆರು ವರ್ಷಕ್ಕೆ ಯಾರೋ ಮಂಕು ಬಣ್ಣ ಸಾಕಾಗಿ ಸ್ಪ್ರಿಂಗ್‌ಫೀಲ್ಡ್‌ಗೆ ಕಳಿಸಿ, ಕಾಸು ಕೊಟ್ಟು ಹೊಳಪು ಹಾಕಿಸಿದ್ದಾರೆ.

ನಮ್ಮಜ್ಜಿಯ ತಾಮ್ರದ ಹಂಡೆಗೆ ಎಷ್ಟು ಸಲ ಕಲಾಯಿ ಆಗಿತ್ತೋ ದೇವರೇ ಬಲ್ಲ. ಕಲಾಯಿ ಹಾಕಿಸಿದ್ದಕ್ಕೆ ಅದು ಅಜ್ಜಿಯದಲ್ಲ ಅಂತ ಯಾರೂ ಅನ್ನಲಿಲ್ಲ, ಕಂಠದ ಮೇಲೆ ಅವಳ ಹೆಸರಿತ್ತು. ಆದರೆ ಕಲಾಯಿಯವನು ಆ ಹೆಸರನ್ನೇ ಉಜ್ಜಿಹಾಕಿದ್ದರೆ ಮನೆಯಲ್ಲಿ ರಂಪವಾಗುತ್ತಿತ್ತು. ನೀನು ಹುಡುಕಬೇಕಾದ ವ್ಯತ್ಯಾಸವೂ ಅಷ್ಟೇ. ಕಾರ್ಖಾನೆಯ ಬಫಿಂಗಿನವನಿಗೆ ಯಾವ ಅಂಚು ಚೂಪಾಗಿ ಉಳಿಯಬೇಕು ಅಂತ ಗೊತ್ತಿತ್ತು. ಬೀದಿ ಬದಿಯ ಅಂಗಡಿಯವನು ಮೆತ್ತನೆ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿಯುತ್ತಾನೆ. ಆಗ ಸ್ಕ್ರೂ ತೂತಿನ ಬಾಯಿ ತಟ್ಟೆಯ ಹಾಗೆ ತಗ್ಗಾಗುತ್ತದೆ, ಅಕ್ಷರಗಳು ಒಂದೇ ದಿಕ್ಕಿಗೆ ಬಾಲ ಎಳೆದುಕೊಂಡಂತೆ ಕಾಣುತ್ತವೆ, ಪಕ್ಕದ ಮುಚ್ಚಳದ ಸಂದು ಎದ್ದು ಕಾಣುತ್ತದೆ. ಪೀಣ್ಯದಲ್ಲಿ ಆರು ವರ್ಷ ಬಫಿಂಗ್ ಚಕ್ರದ ಮುಂದೆ ನಿಂತವನು ಹೇಳುತ್ತಿದ್ದೇನೆ, ಈ ಮೂರನ್ನೂ ನಾನು ಮಾಡಿದ್ದೇನೆ. ನಿಕ್ಕಲ್ಲಿನಲ್ಲಿ ಇನ್ನೂ ಸುಲಭ. ಸ್ಮಿತ್ ಅಂಡ್ ವೆಸನ್‌ನವರು ನಿಕ್ಕಲ್ ಹಾಕಿದರೂ ಹ್ಯಾಮರ್, ಟ್ರಿಗರ್ ಎರಡನ್ನೂ ಉಕ್ಕಿನ ಮೇಲ್ಮೈ ಗಟ್ಟಿ ಮಾಡುವ ಕೇಸ್ ಹಾರ್ಡನಿಂಗ್‌ನ ಬಣ್ಣಬಣ್ಣದ ಮೋಡದಲ್ಲೇ ಬಿಡುತ್ತಿದ್ದರು. ಅವೂ ಬೆಳ್ಳಗೆ ಮಿಂಚುತ್ತಿದ್ದರೆ ಹೊರಗಿನವರ ಕೈಕೆಲಸವಿರಬಹುದು ಅಂತ ಅನುಮಾನಿಸು.

ನಂಬರುಗಳನ್ನೂ ಹೊಂದಿಸಿ ನೋಡು. ಹಿಡಿಯ ತಳ, ಸಿಲಿಂಡರಿನ ಹಿಂಬದಿ, ಬ್ಯಾರೆಲ್ಲಿನ ಕೆಳಗಿನ ಚಪ್ಪಟೆ ಜಾಗ, ಬಲಗಡೆ ಮರದ ಒಳಮೈ. ಒಂದು ಬೇರೆಯಾದರೆ ಆ ಭಾಗ ಬದಲಾಗಿದೆ. ಅದಕ್ಕೂ ಗಾಬರಿ ಬೇಡ. ಕೋಲ್ಟ್ ಸಿಂಗಲ್ ಆಕ್ಷನ್ನಿನ ‘ಆರ್ಟಿಲರಿ’ ಅನ್ನುವ ಬಗೆ ನಿನ್ನ ಕೈಗೆ ಒಂದು ದಿನ ಬರುತ್ತದೆ. ಕುದುರೆ ದಂಡಿನವರ ಏಳೂವರೆ ಇಂಚಿನ ಬ್ಯಾರೆಲ್ಲನ್ನು 1890ರ ದಶಕದಿಂದ ಐದೂವರೆಗೆ ಕತ್ತರಿಸಿ, ಭಾಗಗಳನ್ನೆಲ್ಲ ರಾಶಿ ಹಾಕಿ, ಸಿಕ್ಕಿದ್ದಕ್ಕೆ ಸಿಕ್ಕಿದ್ದು ಜೋಡಿಸಿದರು. ಫಿಲಿಪ್ಪೀನ್ಸ್‌ನಲ್ಲಿ .38 ಗುಂಡು ಸಾಲದೆ ಸೈನ್ಯ ಮತ್ತೆ .45ಗೆ ಕೈಚಾಚಿದಾಗ ಕೆಲಸಕ್ಕೆ ಬಂದದ್ದು ಇವೇ. ಅಲ್ಲಿ ನಂಬರು ಹೊಂದದಿರುವುದೇ ಸಹಜ.

ಒಂದು ದೇಶದ ಗುರುತನ್ನು ಇನ್ನೊಂದಕ್ಕೆ ಹಚ್ಚಬೇಡ. ಬ್ರಿಟನ್ನಿನ ಎನ್‌ಫೀಲ್ಡ್ ನಂ. 2ರ ಮೇಲೂ ನಕ್ಷತ್ರ ಇರುತ್ತದೆ. ಅಲ್ಲಿ ಅದು 1938ರಲ್ಲಿ ಬಂದ ಮಾದರಿಯ ಹೆಸರು. ಟ್ಯಾಂಕಿನೊಳಗೆ ಸಿಕ್ಕಿಕೊಳ್ಳದಿರಲಿ ಅಂತ ಹ್ಯಾಮರಿನ ಕೊಕ್ಕೆ ತೆಗೆದದ್ದು. ಹಳೆಯವನ್ನು ರಿಪೇರಿಗೆ ತಂದಾಗಲೂ ಕೊಕ್ಕೆ ಕತ್ತರಿಸಿ ನಕ್ಷತ್ರ ಸೇರಿಸಿದರು. ಅವರ ಪೂರ್ಣ ರಿಪೇರಿಯ (‘ಫ್ಯಾಕ್ಟರಿ ಥರೋ ರಿಪೇರ್’) ಗುರುತು ಎಫ್‌ಟಿಆರ್. ನಾನು ಕಾಲೇಜಿನ ಎನ್‌ಸಿಸಿಯಲ್ಲಿ ಹೊತ್ತ .303 ರೈಫಲ್ ಮೇಲೂ ಆ ಮೂರು ಅಕ್ಷರ ಇದ್ದವು. ‘ಫೈರ್ ಟೆಸ್ಟ್ ರೆಡಿ’ ಅಂತ ನಮ್ಮ ಹವಾಲ್ದಾರರು ಹೇಳಿದ್ದನ್ನು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ!

ಇನ್ನೊಂದು ಮಾತು. ಗುರುತಿಲ್ಲ ಅಂದರೆ ರಿಪೇರಿ ಆಗಿಲ್ಲ ಅಂತಲ್ಲ. ಎಲ್ಲದಕ್ಕೂ ಅವರು ಮುದ್ರೆ ಒತ್ತಲಿಲ್ಲ, ಒತ್ತಿದ್ದೂ ಉಳಿಯುವುದಿಲ್ಲ. ಇದು ನನಗೆ ಹೇಗೆ ಗೊತ್ತು ಅಂತ ನಿನಗೆ ಹೇಳಿಲ್ಲ.

ಅಮೆರಿಕದ ಈ ಕಣಿವೆಗೆ ಬಂದ ಹೊಸತು, ಪ್ಲೇಟಿಂಗ್ ಅಂಗಡಿಯಲ್ಲಿದ್ದೆ. ನೀನು ಇನ್ನೂ ಹುಟ್ಟಿರಲಿಲ್ಲ. ವಯಸ್ಸಾದ ಒಬ್ಬರು ಯುದ್ಧಕ್ಕೂ ಮುಂಚಿನ ಒಂದು .38 ತಂದು ‘ಹೊಸದರ ಹಾಗೆ ಮಾಡಿಕೊಡು’ ಅಂದರು. ಹಿಡಿ ಬಿಚ್ಚಿದೆ. ಎಡಗಡೆ ನಾಲ್ಕೈದು ಪುಟಾಣಿ ಗೀರು. ಕನ್ನಡಿಯಾಗಬೇಕಲ್ಲ, ಚಕ್ರಕ್ಕೆ ಕೊಟ್ಟೆ, ಎರಡು ನಿಮಿಷದಲ್ಲಿ ಹೋದವು. ಅವರು ಬಂದವರೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹಿಡಿ ಬಿಚ್ಚಿ ಅದೇ ಜಾಗ ನೋಡಿದರು. ಅವರಪ್ಪ ಪೊಲೀಸರಾಗಿದ್ದಾಗ ಅದನ್ನು ಕಾರ್ಖಾನೆಗೆ ಕಳಿಸಿದ್ದ ತಿಂಗಳು, ವರ್ಷ ಅಲ್ಲಿತ್ತಂತೆ. ಪೂರ್ತಿ ದುಡ್ಡು ಕೊಟ್ಟರು, ಚಿಲ್ಲರೆ ತೆಗೆದುಕೊಳ್ಳಲಿಲ್ಲ, ಮತ್ತೆ ಬರಲಿಲ್ಲ.

ನಿನ್ನ ವಿವರಣೆಗೆ ಹೀಗೆ ಬರೆ ಅಂತ ನನ್ನ ಸಲಹೆ: ‘ಯುದ್ಧಕಾಲದಲ್ಲಿ ಸುರಕ್ಷತಾ ತಡೆ ಬದಲಾಯಿಸಿದ್ದು, 1951ರಲ್ಲಿ ಕಾರ್ಖಾನೆಯಲ್ಲೇ ನೀಲಿ ಮರುಲೇಪನ, ಗುರುತುಗಳು ಸ್ಪಷ್ಟ.’ ಬೆಲೆ ಕಡಿಮೆಯೇ ಬರುತ್ತದೆ, ಬರಲಿ. ಕೊಳ್ಳುವವನು ತನಗೆ ಬೇಕಾದ್ದನ್ನು ಲೆಕ್ಕ ಹಾಕಿಕೊಳ್ಳುತ್ತಾನೆ. ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್ನಿನಿಂದ ಪತ್ರ ತರಿಸಲು ಮಾಲೀಕರಿಗೆ ಹೇಳು. ಮೊದಲ ಸಲ ಯಾರಿಗೆ ಹೋಯಿತು ಅನ್ನುವುದು ಹಳೆಯ ದಾಖಲೆಯಲ್ಲಿ ಸಿಗುತ್ತದೆ. ಮುಟ್ಟುವ ಮುಂಚೆ ಸಿಲಿಂಡರ್ ಹೊರಗೆಳೆದು ಖಾಲಿ ಇದೆಯೇ ನೋಡು, ಪ್ರತಿ ಸಲ, ನೀನೇ.

ಮತ್ತೆ, ಯಾವತ್ತಾದರೂ ಆರು ಇಂಚಿನ ಬ್ಯಾರೆಲ್ಲಿನ ಒಂದು .38 ಬಂದು, ತಳದಲ್ಲಿ ನಕ್ಷತ್ರವಿದ್ದು, ಹಿಡಿ ಬಿಚ್ಚಿದರೆ ಎಡಗಡೆ ಮುಖ ನೋಡಿಕೊಳ್ಳುವಷ್ಟು ನುಣ್ಣಗಿದ್ದರೆ, ಅಲ್ಲಿ ಏನಿತ್ತು ಅಂತ ಊಹಿಸಿ ಬರೆಯಬೇಡ. ‘ಬಫ್ ಮಾಡಿ ಅಳಿಸಲಾಗಿದೆ’ ಅಂತ ಬರೆ. ಆಮೇಲೆ ನನಗೊಂದು ಫೋನ್ ಮಾಡು.

ನಿನ್ನ
ಅಪ್ಪ