ಎರೆ ಹೊಲಕ್ಕೆ ರೋಟಾವೇಟರ್ ಒಂದೇ ಸಾಕೇ?

ಸಂಪಾದಕರಿಗೆ ನಮಸ್ಕಾರ,

ಹೆಸರು ಕಾಳಿನ ಬೆಳೆ ಕಿತ್ತ ಹೊಲಗಳಲ್ಲಿ ಈಗ ಹಿಂಗಾರಿಗೆ ಭೂಮಿ ತಯಾರು ಮಾಡುವ ಗಡಿಬಿಡಿ. ರೋಣ, ನರಗುಂದ, ನವಲಗುಂದ, ಯಾವ ಕಡೆ ಹೋದರೂ ಟ್ರ್ಯಾಕ್ಟರ್ ಹಿಂದೆ ಕಾಣುವುದು ಒಂದೇ ಸಾಮಾನು, ಬ್ಲೇಡ್ ತಿರುಗಿಸಿ ಮಣ್ಣು ಪುಡಿ ಮಾಡುವ ರೋಟಾವೇಟರ್. ನೆಲ ಹಸಿ ಇರಲಿ, ಒಣಗಿರಲಿ, ಬಿತ್ತುವುದು ಜೋಳ ಇರಲಿ, ಕಡಲೆ ಇರಲಿ, ಅದೇ. "ಒಂದ್ ಸಲ ರೂಟರ್ ಹೊಡಸ್ರೀ, ಹಿಟ್ಟಿನಂಗ ಆಗತೈತಿ" ಅಂತ ಡ್ರೈವರ್‌ಗಳು ಹೇಳುತ್ತಾರೆ. ಆಗುತ್ತದೆ, ಸುಳ್ಳಲ್ಲ. ಎರೆ, ಅಂದರೆ ನಮ್ಮ ಕಪ್ಪು ಮಣ್ಣು, ಹಿಟ್ಟಾಗಬೇಕಾ ಅನ್ನುವುದೇ ನನ್ನ ತಕರಾರು.

ಮೊದಲೇ ಹೇಳಿಬಿಡುತ್ತೇನೆ, ನಾನು ಯಂತ್ರದ ವಿರೋಧಿ ಅಲ್ಲ, ಎಲ್ಲರೂ ಮತ್ತೆ ಎತ್ತು ಕಟ್ಟಿ ಅಂತ ಉಪದೇಶ ಮಾಡುವವನೂ ಅಲ್ಲ. ಒಂದು ಜೋಡಿ ಎತ್ತಿನ ಬೆಲೆ, ವರ್ಷವಿಡೀ ಅವಕ್ಕೆ ಮೇವು, ಗಳೆ ಹೊಡೆಯುವ ಆಳು, ಇದೆಲ್ಲ ಎಲ್ಲಿಂದ ತರುವುದು? ಮುಂಗಾರು ಬೆಳೆ ತೆಗೆದು ಹಿಂಗಾರು ಬಿತ್ತುವ ನಡುವೆ ಸಿಗುವುದು ಕೆಲವೇ ವಾರ, ಅದರಲ್ಲೂ ಮಳೆ ನಿಂತು ಹೊಲಕ್ಕೆ ಕಾಲಿಡಲು ಆಗುವ ದಿನ ಇನ್ನೂ ಕಡಿಮೆ. ಗೋವಿನಜೋಳದ ಕೊಯ್ಯೆ, ಹೆಸರಿನ ಬಳ್ಳಿ, ಹತ್ತಿ ಕಟ್ಟಿಗೆಯ ಚೂರು ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಕತ್ತರಿಸಿ ಮಣ್ಣಿಗೆ ಸೇರಿಸುವ ಕೆಲಸ ರೋಟಾವೇಟರ್ ಬಿಟ್ಟರೆ ಬೇರೆ ಯಾವುದೂ ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಕೊಯ್ಯೆಗೆ ಬೆಂಕಿ ಹಚ್ಚುವುದಕ್ಕಿಂತ ಅದು ಸಾವಿರ ಪಾಲು ಮೇಲು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಯ ಮಾತೂ ಬೇರೆ, ಅಲ್ಲಿ ನೀರು ಇಂಗಬಾರದು ಅಂತಲೇ ಕೆಸರು ಕಲಸುತ್ತಾರೆ. ನಾನು ಹೇಳುತ್ತಿರುವುದು ಮಳೆ ನಂಬಿದ ಎರೆ ಹೊಲದ ಬಗ್ಗೆ.

ನಮ್ಮ ಎರೆಯಲ್ಲಿ ಜೇಡಿ ಕಣವೇ ಸಾಮಾನ್ಯವಾಗಿ ಶೇ 40ರಿಂದ 60ರ ತನಕ ಇರುತ್ತದೆ. ಒಂದು ಮಿಲಿಮೀಟರನ್ನು 500 ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅದಕ್ಕಿಂತ ಸಣ್ಣ ಕಣ. ನೀರು ಕುಡಿದರೆ ಈ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಈ ಉಬ್ಬು ಕುಗ್ಗು ಇದೆಯಲ್ಲ, ಅದೇ ನಮಗೆ ಪುಕ್ಕಟೆ ಸಿಕ್ಕ ಯಂತ್ರ. ಬೇಸಿಗೆಯಲ್ಲಿ ನೇಗಿಲು ಹೊಡೆದು ಬಿಟ್ಟ ಹೆಂಟೆಗಳನ್ನು ನೋಡಿ, ಏಪ್ರಿಲ್ ಬಿಸಿಲಿಗೆ ಅವು ಗುದ್ದಲಿಗೂ ಜಗ್ಗುವುದಿಲ್ಲ. ಮೇ ತಿಂಗಳ ಒಂದೆರಡು ಅಡ್ಡ ಮಳೆ ಬಿದ್ದು, ಮತ್ತೆ ಬಿಸಿಲು ಬಿದ್ದು, ಮತ್ತೆ ಒಂದು ಹನಿ ಬಿದ್ದರೆ ಸಾಕು, ಕಾಲಲ್ಲಿ ಒದ್ದರೆ ಪುಡಿಯಾಗುತ್ತವೆ. ಡೀಸೆಲ್ ಒಂದು ಲೀಟರೂ ಖರ್ಚಿಲ್ಲ. ಇದಕ್ಕೆ ಕಾಯುವ ತಾಳ್ಮೆ ಇಲ್ಲದೆ ನಾವು ಆ ಕಲ್ಲು ಹೆಂಟೆಯ ಮೇಲೇ ಬ್ಲೇಡ್ ತಿರುಗಿಸುತ್ತೇವೆ. ಬ್ಲೇಡ್ ಸವೆಯುತ್ತದೆ, ಗೇರ್ ಬಾಕ್ಸ್ ಕೂಗುತ್ತದೆ, ಬಾಡಿಗೆ ಮೀಟರ್ ಓಡುತ್ತಲೇ ಇರುತ್ತದೆ.

ಹಸಿಯಲ್ಲಿ ಹೊಡೆಸಿದರೆ ಇನ್ನೂ ಕೆಟ್ಟದು. ರೋಟಾವೇಟರ್‌ನ ಎಲ್ ಆಕಾರದ ಬ್ಲೇಡ್ ನೆಲದೊಳಗೆ ಬಂದು ಕತ್ತರಿಸುವಾಗ ಅದರ ಚಪ್ಪಟೆ ಪಾದ ಪ್ರತಿ ಸುತ್ತಿಗೂ ತಳದ ಮಣ್ಣನ್ನು ಸವರಿ ಒತ್ತುತ್ತದೆ. ಪ್ರತಿ ವರ್ಷವೂ ಅದೇ ನಾಲ್ಕೈದು ಇಂಚಿನ ಆಳ. ಮೇಲಿನಿಂದ ಟ್ರ್ಯಾಕ್ಟರ್‌ನ ಭಾರ ಬೇರೆ, 45-50 ಎಚ್‌ಪಿ ಗಾಡಿ ಅಂದರೆ ಎರಡು ಟನ್ ಹತ್ತಿರ, ಹಿಂದಿನ ಸಾಮಾನಿನ ತೂಕ ಅದರ ಮೇಲೆ. ಕೆಲವು ವರ್ಷದಲ್ಲಿ ಆ ಆಳದಲ್ಲಿ ಒಂದು ಗಟ್ಟಿ ಪದರ ಕೂತುಬಿಡುತ್ತದೆ. ಅನುಮಾನ ಇದ್ದವರು ಒಳ್ಳೆ ಮಳೆಯಾದ ಮೂರ್ನಾಲ್ಕು ದಿನಕ್ಕೆ ಒಂದು ಕಬ್ಬಿಣದ ಸರಳು ತೆಗೆದುಕೊಂಡು ಹೊಲದ ನಡುವೆ ಚುಚ್ಚಿ ನೋಡಿ. ಸರಸರ ಇಳಿದ ಸರಳು ಗೇಣಿನೊಳಗೇ ತಡೆದರೆ ಅಲ್ಲಿದೆ ಆ ಪದರ. ಹತ್ತಿ ಗಿಡ ಕಿತ್ತಾಗ ತಾಯಿಬೇರು ನೇರ ಇಳಿಯದೆ ಅಡ್ಡಕ್ಕೆ ತಿರುಗಿದ್ದರೂ ಇದೇ ಅನುಮಾನ ಪಡಬೇಕು. ಆಮೇಲೆ ಅದನ್ನು ಒಡೆಯಲು ಸಬ್‌ಸಾಯ್ಲರ್ ತರಿಸಿ, ಅದಕ್ಕೊಂದು ಬಾಡಿಗೆ ಕೊಡಿ. ಅದೂ ಮಣ್ಣು ಒಣಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಹಸಿಯಲ್ಲಿ ಎಳೆದರೆ ಸುಮ್ನೆ ಒಂದು ಸೀಳು ಬಿಡುತ್ತದೆ ಅಷ್ಟೇ.

ಇನ್ನು ಆ ಹಿಟ್ಟಿನ ವಿಷಯ. ಬಿತ್ತುವ ಮುಂಚೆ ನೋಡಲು ಬಹಳ ಚಂದ, ಬದುವಿನ ಮೇಲೆ ನಿಂತು ಫೋಟೊ ತೆಗೆಯಬಹುದು. ಒಂದು ಬಿರುಸು ಮಳೆ ಬರಲಿ. ಪುಡಿ ಮಣ್ಣು ಕಲಸಿ ಕೂತು, ಮೇಲೆ ತೆಳುವಾದ ಗಟ್ಟಿ ಪದರ ಕಟ್ಟುತ್ತದೆ. ನೀರು ಒಳಗೆ ಹೋಗಲು ದಾರಿ ಇಲ್ಲ, ಹರಿದು ಹಳ್ಳ ಸೇರುತ್ತದೆ, ಜೊತೆಗೆ ಮಣ್ಣೂ ಹೋಗುತ್ತದೆ. ಒಂದು ಇಂಚು ಮಳೆ ಅಂದರೆ ಎಕರೆಗೆ ಒಂದು ಲಕ್ಷ ಲೀಟರ್ ನೀರು, ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಕಡೆ, ಹಿಂಗಾರು ಜೋಳ ಪೂರ್ತಿ ನಿಲ್ಲುವುದು ಎರೆ ಹಿಡಿದಿಟ್ಟ ನೀರಿನ ಮೇಲೇ. ಅದನ್ನೇ ಹಳ್ಳಕ್ಕೆ ಬಿಟ್ಟು ಆಮೇಲೆ ಬೋರ್‌ವೆಲ್ ಕೊರೆಸಲು ಸಾಲ ಕೇಳುವುದು ಯಾವ ಲೆಕ್ಕ?

ಅದೂ ಅಲ್ಲದೆ ಕಡಲೆಗೆ ನುಣ್ಣನೆ ನೆಲ ಬೇಕಾಗಿಯೇ ಇಲ್ಲ. ಸಣ್ಣ ಹೆಂಟೆ ಇದ್ದು ಬೇರಿಗೆ ಗಾಳಿ ಆಡುವ ಒರಟು ನೆಲವೇ ಕಡಲೆಗೆ ಒಳ್ಳೆಯದು. ಹಳಬರಿಗೆ ಇದು ಗೊತ್ತಿರುವ ಮಾತು. ಗೋಧಿಗೆ ಸ್ವಲ್ಪ ಸಣ್ಣ ಮಣ್ಣು ಬೇಕು, ಜೋಳಕ್ಕೆ ಬಿತ್ತುವ ಕೂರಿಗೆಯ ತಾಳು ಒಂದೇ ಆಳಕ್ಕೆ ಇಳಿಯುವಷ್ಟು ಸಮ ಇದ್ದರೆ ಆಯಿತು. ಬೆಳೆಗೆ ತಕ್ಕಂತೆ ನೆಲ ಮಾಡುವುದು ಬಿಟ್ಟು ಎಲ್ಲಕ್ಕೂ ಒಂದೇ ಅಳತೆ ಮಾಡಿಬಿಟ್ಟಿದ್ದೇವೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ, ಅಲ್ವಾ? ವಿಜಯಪುರದಲ್ಲಿ 1930ರ ದಶಕದಿಂದಲೇ ಒಣ ಬೇಸಾಯದ ಸಂಶೋಧನೆ ನಡೆದಿದೆ, ಬಳ್ಳಾರಿಯಲ್ಲಿ 1954ರಿಂದ ಮಣ್ಣು ನೀರು ಕಾಯುವ ಬಗ್ಗೆ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಇದೆ. ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದ ಆ ಹಳೆಯ ಮುಂಬಯಿ ಪದ್ಧತಿಯ ಒಣ ಬೇಸಾಯದಲ್ಲೇ ಆಳದ ಉಳುಮೆ ಪ್ರತಿ ವರ್ಷ ಬೇಡ, ಮೂರು ವರ್ಷಕ್ಕೊಮ್ಮೆ ಸಾಕು, ಉಳಿದಂತೆ ಕುಂಟೆ ಹೊಡೆಯಿರಿ, ಬದು ಕಾಯಿರಿ ಅಂತ ಹೇಳಿದ್ದರು. ಟ್ರ್ಯಾಕ್ಟರ್ ಬಂದ ಮೇಲೂ ಈ ಕ್ರಮ ಬದಲಾಗುವ ಕಾರಣ ಕಾಣುವುದಿಲ್ಲ, ಎಳೆಯುವುದು ಬದಲಾಗಿದೆ ಅಷ್ಟೇ. ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮಣ್ಣು ಮಗುಚುವ ಪಲ್ಟಿ ನೇಗಿಲು, ಇಳಿಜಾರಿಗೆ ಅಡ್ಡಲಾಗಿ. ಕರಿಕೆ, ಜೇಕಿನಂಥ ಕಸ ಇದ್ದ ಹೊಲಕ್ಕೆ ಇದು ಬೇಕೇ ಬೇಕು. ಹೆಂಟೆಗಳನ್ನು ಮುಟ್ಟದೆ ಬಿಸಿಲಿಗೆ, ಮಳೆಗೆ ಬಿಡಿ. ಮಳೆಯಾಗಿ ಹದ ಬಂದಾಗ ಮಣ್ಣು ಕೆದಕುವ ಕಲ್ಟಿವೇಟರ್ ಒಂದು ಸಲ. ಆಮೇಲೆ ಟ್ರ್ಯಾಕ್ಟರ್ ಕುಂಟೆ.

ಈ ಕುಂಟೆಯ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಎತ್ತಿನ ಕುಂಟೆಯ ಹಾಗೇ ಇದು, ಅಗಲವಾದ ಚಪ್ಪಟೆ ಕುಡ ನೆಲದ ಎರಡು ಮೂರು ಇಂಚು ಕೆಳಗೆ ಅಡ್ಡಲಾಗಿ ಹೋಗುತ್ತದೆ. ಕಸದ ಬೇರು ಕತ್ತರಿಸುತ್ತದೆ, ಹದವಿದ್ದರೆ ಹೆಂಟೆ ಒಡೆಯುತ್ತದೆ, ಬಿರುಕು ಮುಚ್ಚುತ್ತದೆ, ಆದರೆ ಮಣ್ಣು ಮೇಲೆ ಕೆಳಗೆ ಮಾಡಿ ತೇವ ಹಾರಿಸುವುದಿಲ್ಲ. ಬೆಲೆಯೂ ರೋಟಾವೇಟರ್ ಮುಂದೆ ಏನೂ ಅಲ್ಲ, ಊರ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ತಿರುಗುವ ಭಾಗ ಇಲ್ಲ, ಹಾಗಾಗಿ ಕೆಡುವುದೂ ಕಡಿಮೆ. ಕೊನೆಗೆ ನೆಲ ಸಮ ಮಾಡಲು ಹಿಂದೊಂದು ಕೊರಡು ಕಟ್ಟಿ ಎಳೆದರೆ ಸಾಕು. ಒಂದು ಎಚ್ಚರ: ಭಾರ ಬೇಕು ಅಂತ ಕೊರಡಿನ ಮೇಲೋ ಕುಂಟೆಯ ಮೇಲೋ ಹುಡುಗರನ್ನು ನಿಲ್ಲಿಸುವ ಚಾಳಿ ಇನ್ನೂ ಇದೆ. ಮರಳು ಚೀಲ ಇಡಿ, ಮನುಷ್ಯರನ್ನಲ್ಲ.

ಹದ ನೋಡುವುದೂ ಕಷ್ಟದ ವಿದ್ಯೆ ಅಲ್ಲ. ನಾಲ್ಕು ಇಂಚು ಕೆಳಗಿನ ಮಣ್ಣು ಹಿಡಿ ತುಂಬ ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಬಿದ್ದು ಚದುರಿದರೆ ಟ್ರ್ಯಾಕ್ಟರ್ ಕರೆಯಬಹುದು. ಚಪ್ಪಟೆಯಾಗಿ ಅಂಟಿಕೊಂಡರೆ, ಅಥವಾ ಅಂಗೈಯಲ್ಲಿ ಹೊಸೆದಾಗ ಉದ್ದ ಬತ್ತಿ ಆದರೆ ಇನ್ನೂ ಕಾಯಬೇಕು. ಉಂಡೆಯೇ ಕಟ್ಟದಷ್ಟು ಒಣಗಿದ್ದರೆ ಹದ ದಾಟಿದೆ. ಎರೆಯಲ್ಲಿ ಈ ಹದ ಕೆಲವೇ ದಿನ ಇರುತ್ತದೆ, ಅಷ್ಟರೊಳಗೆ ಇಡೀ ಊರಿಗೆ ಇರುವ ನಾಲ್ಕೈದು ಗಾಡಿ ಸಿಗಬೇಕು. ನಿಜವಾದ ತೊಂದರೆ ಇಲ್ಲಿದೆ. ಹದ ಬಂದಾಗ ಗಾಡಿ ಇಲ್ಲ, ಗಾಡಿ ಬಂದಾಗ ಹದ ಇಲ್ಲ, ರೈತ ಬಂದದ್ದಕ್ಕೆ ಹೂಂ ಅನ್ನುತ್ತಾನೆ.

ರೋಟಾವೇಟರೇ ಹೊಡೆಸಬೇಕಾದವರಿಗೂ ಒಂದು ಮಾತು. ಹಿಂದಿನ ತಗಡಿನ ಬಾಗಿಲು ಪೂರ್ತಿ ಇಳಿಸಿದರೆ ಮಣ್ಣು ಅದಕ್ಕೆ ಬಡಿದು ಮತ್ತೆ ಸಣ್ಣಗಾಗುತ್ತದೆ, ಎತ್ತಿ ಕಟ್ಟಿದರೆ ಒರಟಾಗಿ ಉಳಿಯುತ್ತದೆ. ಗಾಡಿ ನಿಧಾನ ಹೋದಷ್ಟೂ ಪುಡಿ ಜಾಸ್ತಿ, ಒಂದು ಗೇರ್ ಮೇಲೆ ಹಾಕಿದರೆ ಕಡಿಮೆ. ಬ್ಲೇಡ್ ತಿರುಗುವ ವೇಗ ಬದಲಿಸುವ ಗೇರ್ ಇರುವ ಮಾದರಿಯಾದರೆ ಅದನ್ನೂ ಇಳಿಸಬಹುದು. ಗಂಟೆ ಲೆಕ್ಕದ ಬಾಡಿಗೆಗೆ ನಿಧಾನವಾಗಿ ಓಡಿಸುವವರಿಗೆ ಇದು ರುಚಿಸುವುದಿಲ್ಲ ಬಿಡಿ. ಎಕರೆ ಲೆಕ್ಕ ಮಾತಾಡಿಕೊಂಡು, ಹೊಲದಲ್ಲಿ ನಿಂತು ತಗಡು ಎತ್ತಿಸಿ. ಎರಡು ಸಲ ಹೊಡೆಸಲು ಮಾತ್ರ ಹೋಗಬೇಡಿ.

ಕೃಷಿ ಇಲಾಖೆಯ ಮುಂದೆ ನನ್ನ ಬೇಡಿಕೆ ದೊಡ್ಡದೇನಲ್ಲ. ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಿವೆ, ಒಳ್ಳೆಯ ಯೋಜನೆ. ಎರೆ ನಾಡಿನ ಪ್ರತಿ ಕೇಂದ್ರದಲ್ಲೂ ರೋಟಾವೇಟರ್ ಜೊತೆ ಟ್ರ್ಯಾಕ್ಟರ್ ಕುಂಟೆ, ಪಲ್ಟಿ ನೇಗಿಲು, ಒಂದು ಸಬ್‌ಸಾಯ್ಲರ್ ಇರಲೇಬೇಕು ಅಂತ ನಿಯಮ ಮಾಡಿ, ಎಕರೆ ದರವನ್ನು ಬೋರ್ಡ್ ಮೇಲೆ ಬರೆಸಿ. ಸಹಾಯಧನದಲ್ಲಿ ರೋಟಾವೇಟರ್ ಕೊಡುವಾಗ ಸಹಿ ಹಾಕಿಸಿಕೊಂಡು ಕಳಿಸುವ ಬದಲು ಅರ್ಧ ದಿನ ಹೊಲದಲ್ಲಿ ಓಡಿಸಿ ತೋರಿಸಿ, ತಗಡು ಎತ್ತುವುದು, ಆಳ ಹೊಂದಿಸುವುದು, ಟ್ರ್ಯಾಕ್ಟರ್‌ನಿಂದ ರೋಟಾವೇಟರ್ ತಿರುಗಿಸುವ ಪಿಟಿಒ ಶಾಫ್ಟ್‌ಗೆ ಮುಚ್ಚಳ ಹಾಕುವುದು ಎಲ್ಲ. ಧಾರವಾಡದಲ್ಲಿ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ಅಲ್ಲಿ ಯಂತ್ರಗಳು ಬಣ್ಣ ಹೊಳೆಯುತ್ತಾ ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಮೂರನ್ನು ಪಕ್ಕಪಕ್ಕ ಎರೆ ಹೊಲಕ್ಕೆ ಇಳಿಸಿ, ಒಂದು ಪಟ್ಟಿಗೆ ರೋಟಾವೇಟರ್, ಒಂದಕ್ಕೆ ಕುಂಟೆ, ಒಂದಕ್ಕೆ ಕಲ್ಟಿವೇಟರ್ ಹೊಡೆದು, ಮೇಲೆ ಟ್ಯಾಂಕರ್ ನೀರು ಬಿಟ್ಟು ತೋರಿಸಿದರೆ ಯಾವ ಪಟ್ಟಿಯಲ್ಲಿ ನೀರು ಇಂಗಿತು, ಯಾವುದರಲ್ಲಿ ಹರಿಯಿತು ಅಂತ ರೈತರೇ ನೋಡಿಕೊಳ್ಳುತ್ತಾರೆ. ಭಾಷಣದ ಸಮಯದಲ್ಲಿ ಒಂದು ಗಂಟೆ ಕಡಿಮೆ ಮಾಡಿದರೆ ಇದಕ್ಕೆ ಜಾಗ ಆಗುತ್ತದೆ.

ಈ ಹಿಂಗಾರಿಗೆ ಆಗದಿದ್ದರೂ ಬರುವ ಬೇಸಿಗೆಯ ಉಳುಮೆ ಶುರುವಾಗುವ ಮೊದಲು ಬಾಡಿಗೆ ಕೇಂದ್ರಗಳಿಗೆ ಕುಂಟೆಗಳಾದರೂ ಬರಲಿ.

ಎರೆ ಹೊಲದ ಒಬ್ಬ ರೈತ, ರೋಣ ತಾಲ್ಲೂಕು, ಗದಗ ಜಿಲ್ಲೆ