ಮೊದಲು ಅವರನ್ನೇ ಕೇಳು

ಪ್ರೀತಿಯ ಗೆಳೆಯಾ,

ದೊಡ್ಡವರಿಗೆ ಓದು ಬರಹ ಕಲಿಸುವ ನಿನ್ನ ಸಂಜೆ ತರಗತಿಗೆ ಮೊದಲ ವಾರ ಬಂದವರಲ್ಲಿ ಅರ್ಧ ಜನ ಎರಡನೇ ವಾರ ಬರಲಿಲ್ಲ ಅಂತ ಬರೆದಿದ್ದೀಯಲ್ಲ, ಅವರಿಗೆ ಆಸಕ್ತಿ ಇಲ್ಲ ಅಂತ ಮಾತ್ರ ದಯವಿಟ್ಟು ತೀರ್ಮಾನ ಮಾಡಬೇಡ. ಆಸಕ್ತಿ ಇಲ್ಲದಿದ್ದರೆ ಮೊದಲ ದಿನವೂ ಬರುತ್ತಿರಲಿಲ್ಲ, ಅಲ್ವಾ? ದಿನವಿಡೀ ದುಡಿದು, ಮನೆಯಲ್ಲಿ ಮಗುವನ್ನೋ ಹಾಸಿಗೆ ಹಿಡಿದವರನ್ನೋ ಯಾರಿಗೋ ಒಪ್ಪಿಸಿ, ಚಿಕ್ಕಂದಿನಲ್ಲಿ ದಡ್ಡ ಅನ್ನಿಸಿಕೊಂಡ ಅಂಥದ್ದೇ ಬೆಂಚಿನ ಮೇಲೆ ಮತ್ತೆ ಬಂದು ಕೂರುವುದು ಸಣ್ಣ ಮಾತಲ್ಲ.

ಅವರನ್ನು ಜಾಸ್ತಿ ತಡೆಯುವುದು ನಾಚಿಕೆ. ಓದಲು ಬಾರದವರು ಅದನ್ನು ಮುಚ್ಚಿಡಲು ಎಷ್ಟು ಪಾಡು ಪಡುತ್ತಾರೆ ಗೊತ್ತಾ? ಫಾರ್ಮ್ ಕೊಟ್ಟರೆ 'ಕನ್ನಡಕ ಮರೆತು ಬಂದೆ, ನೀವೇ ತುಂಬಿಬಿಡಿ' ಅನ್ನುತ್ತಾರೆ. ಅಂಥವರನ್ನು ಎಲ್ಲರೆದುರು ಎಬ್ಬಿಸಿ ಗಟ್ಟಿಯಾಗಿ ಓದಿಸಿದರೆ ಮುಗೀತು, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. (ಕೆಲವರಿಗೆ ನಿಜಕ್ಕೂ ಕನ್ನಡಕವೇ ಬೇಕಿರುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ, ಅದನ್ನೂ ಮೆಲ್ಲಗೆ ವಿಚಾರಿಸು.)

ಬರ್ನೀಸ್ ರಾಬಿನ್ಸನ್ ವಿಷಯ ನಿನಗೆ ಹೇಳಲೇಬೇಕು. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಆಗ ಕಪ್ಪು ಜನ ಮತದಾರರ ಪಟ್ಟಿಗೆ ಸೇರಬೇಕೆಂದರೆ ಓದಿ ತೋರಿಸಬೇಕಿತ್ತು. 1957ರಲ್ಲಿ ಅಲ್ಲಿನ ಜಾನ್ಸ್ ದ್ವೀಪದಲ್ಲಿ, ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ವಯಸ್ಕರ ಶಾಲೆ ಶುರುವಾಯಿತು. ಅಲ್ಲಿ ಪಾಠ ಹೇಳಲು, ಕಪ್ಪು ಜನರ ಹಕ್ಕಿಗಾಗಿ ದುಡಿಯುತ್ತಿದ್ದ ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ಮತ್ತವರ ಜೊತೆಗಾರರು ಹುಡುಕಿದ್ದು ಮೇಷ್ಟ್ರಲ್ಲದವರನ್ನು, ಸಿಕ್ಕವರು ಈ ಬರ್ನೀಸ್. ಅವರು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವರು, ಜನರ ಮಾತು ಕೇಳಿಸಿಕೊಳ್ಳುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳ ಪುಸ್ತಕಗಳನ್ನು ಬದಿಗಿಟ್ಟು, ನಿಮಗೇನು ಕಲಿಯಬೇಕು ಅಂತ ಬಂದವರನ್ನೇ ಕೇಳಿದರು. ಹೆಸರು ಬರೆಯಬೇಕು, ಮನಿ ಆರ್ಡರ್ ಫಾರ್ಮ್ ತುಂಬಬೇಕು, ಬೈಬಲ್ ಓದಬೇಕು ಅಂದರು. ಅದೇ ಪಾಠವಾಯಿತು. ರಟ್ಟಿನ ಮೇಲೆ ಬರೆದ ಅವರವರ ಹೆಸರಿನ ಮೇಲೆ ಮತ್ತೆ ಮತ್ತೆ ಪೆನ್ಸಿಲ್ ಆಡಿಸುತ್ತಾ, ಅಕ್ಷರದ ತಿರುವು ಕೈಗೆ ಹತ್ತುವ ತನಕ ತಿದ್ದುತ್ತಿದ್ದರು. ಇಂಥ ಶಾಲೆಗಳು ಆಮೇಲೆ ದಕ್ಷಿಣದ ಉದ್ದಗಲಕ್ಕೂ ಹಬ್ಬಿದವು.

ವಯಸ್ಸಾಯ್ತು, ಇನ್ನೇನು ಕಲಿಯೋದು ಅನ್ನುವವರಿಗೆ ಕೀನ್ಯಾದ ಕಿಮಾನಿ ಮರುಗೆ ಅವರ ಬಗ್ಗೆ ಹೇಳು. 2003ರಲ್ಲಿ ಅಲ್ಲಿ ಪ್ರಾಥಮಿಕ ಶಾಲೆಯ ಫೀಸು ರದ್ದಾಯಿತು, ಮರುವರ್ಷವೇ 84ರ ವಯಸ್ಸಿನಲ್ಲಿ ಅವರು ಒಂದನೇ ಕ್ಲಾಸಿಗೆ ಸೇರಿದರು. ವಯಸ್ಸಾದಂತೆ ಹೊಸದು ಕಲಿಯಲು ಹೊತ್ತು ಹಿಡಿಯುತ್ತದೆ, ನಿಜ. ಆದರೆ ಬದುಕಿನ ಅನುಭವ ಜೊತೆಗಿರುತ್ತದಲ್ಲ, ಅದಕ್ಕೆ ತಾಗಿದ್ದು ಬೇಗ ಹತ್ತುತ್ತದೆ.

ಬುದ್ಧಿಯ ಬೆಳವಣಿಗೆ ನಿಧಾನವಾದವರೂ ಬರುತ್ತಾರೆ ಅಂತ ಬರೆದಿದ್ದೀಯಲ್ಲ. ಅವರಿಗೆ ಒಂದು ಸಲಕ್ಕೆ ಒಂದೇ ವಿಷಯ, ಚಿಕ್ಕ ವಾಕ್ಯ, ಪಕ್ಕದಲ್ಲೊಂದು ಚಿತ್ರ ಸಾಕು. ಮಾತ್ರೆ ಯಾವ ಹೊತ್ತಿಗೆ, ಬಸ್ಸಿನ ನಂಬರ್ ಯಾವುದು, ಇಂಥದ್ದರಿಂದಲೇ ಶುರು ಮಾಡು. ಜೊತೆಗೆ ಬಂದವರು ಅವರ ಪರವಾಗಿ ಉತ್ತರ ಕೊಡಲು ಹೊರಟರೆ, ನೀನು ಅವರ ಕಡೆಗೇ ತಿರುಗಿ ಕೇಳು. ಉತ್ತರ ಬರುವ ತನಕ ಸುಮ್ನೆ ಕಾಯಿ. ಇದಕ್ಕೆ ತಾಳ್ಮೆ ಬೇಕು, ನಿನ್ನಲ್ಲಿ ಅದಿದೆ.

ಬಾರದೆ ಉಳಿದವರಿಗೆ ಯಾಕೆ ಬರಲಿಲ್ಲ ಅಂತ ಕೇಳಬೇಡ. ಮನೆಯಲ್ಲಿ ಅರ್ಥವಾಗದೆ ಎತ್ತಿಟ್ಟ ಕಾಗದ ಏನಾದರೂ ಇದ್ದರೆ ತನ್ನಿ, ಜೊತೆಗೆ ಕೂತು ನೋಡೋಣ ಅಂತ ಹೇಳಿ ಕಳಿಸು. ತರಗತಿಯ ಹೊತ್ತನ್ನೂ ಅವರೇ ಗೊತ್ತು ಮಾಡಲಿ. ಯಾರ್ಯಾರು ಏನೇನು ತಂದರು ಅಂತ ನನಗೆ ತಪ್ಪದೆ ಬರಿ.

ನಿನ್ನ ಗೆಳೆಯ